ಭಾಷಾವಿಜ್ಞಾನ ಓದಲು ವಿದೇಶಕ್ಕೆ: ಸಾಲ ಮಾಡುವ ಮೊದಲು ಏನು ನೋಡಬೇಕು?

ಪ್ರಶ್ನೆ: ನನಗೆ 26 ವರ್ಷ. ಇಂಗ್ಲಿಷ್ ಸಾಹಿತ್ಯದಲ್ಲಿ ಮೂರು ವರ್ಷದ ಪದವಿ ಮಾಡಿದ್ದೇನೆ. ಈಗ ಒಂದು ಅನುವಾದ ಸಂಸ್ಥೆಯಲ್ಲಿದ್ದೇನೆ. ಯಂತ್ರ ಮಾಡಿದ ಕನ್ನಡ ಅನುವಾದವನ್ನು ತಿದ್ದುವುದು ನನ್ನ ಕೆಲಸ. ಒಂದು ವಾಕ್ಯ ನೋಡಿದ ಕೂಡಲೇ ಅದು ತಪ್ಪು ಅಂತ ಗೊತ್ತಾಗುತ್ತದೆ, ಆದರೆ ಯಾಕೆ ತಪ್ಪು ಅಂತ ಹೇಳಲು ಬರುವುದಿಲ್ಲ. ಆ 'ಯಾಕೆ' ನನ್ನನ್ನು ಬಿಡುತ್ತಿಲ್ಲ. ಹಾಗಾಗಿ ಭಾಷಾವಿಜ್ಞಾನ ಓದಬೇಕು, ಅದೂ ವಿದೇಶದಲ್ಲಿ ಓದಬೇಕು ಅನಿಸಿದೆ. ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬ್ರಿಟನ್‌ನಲ್ಲಿ ಒಂದು ವರ್ಷದ ಎಂಎ ಸುಲಭ, ಸಾಲ ಮಾಡಿ ಹೋಗಿ ಅಂತ ಒಬ್ಬ ಸಲಹೆಗಾರರು. ಅಮೆರಿಕದ ಪಿಎಚ್‌ಡಿಗೆ ಗಣಿತ, ಜಿಆರ್‌ಇ ಪ್ರವೇಶ ಪರೀಕ್ಷೆ ಎಲ್ಲಾ ಬೇಕು, ನಿನಗೆ ಸಿಗುವುದಿಲ್ಲ ಅಂತ ಗೆಳತಿ. ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಅಂತ ಇನ್ನೊಬ್ಬರು. ನನಗೆ ಬರುವುದು ಮೂರೇ ಭಾಷೆ, ಅಷ್ಟು ಸಾಕೇ? ಎಐ ಬಂದ ಮೇಲೆ ಈ ಓದಿಗೆ ಬೆಲೆ ಇದೆಯೇ? ಕೆಲಸ ಬಿಟ್ಟು ತಯಾರಿ ಮಾಡಲೇ?

ಉತ್ತರ: ನೀವು ಕೇಳಿರುವುದು ಯಾವ ದೇಶ ಅಂತ. ಆದರೆ ಅದರ ಕೆಳಗೆ ಇನ್ನೊಂದು ಭಯ ಇದೆ ಅಂತ ನನಗೆ ಅನಿಸುತ್ತದೆ. ದೊಡ್ಡ ಸಾಲ ಮಾಡಿ ಅಷ್ಟು ದೂರ ಹೋಗಿ, ಇದು ನನಗೆ ಬೇಕಾದ ವಿಷಯವೇ ಅಲ್ಲ ಅಂತ ಆಮೇಲೆ ಗೊತ್ತಾದರೆ? ಇದು ನ್ಯಾಯವಾದ ಭಯ. ವಿದೇಶಿ ವಿಶ್ವವಿದ್ಯಾಲಯದಲ್ಲಿ ಈ ವಿಷಯ ಕಲಿಸುತ್ತಾ, ಪ್ರವೇಶದ ಅರ್ಜಿಗಳನ್ನು ಓದುತ್ತಾ ಬಂದವನು ನಾನು. ಈ ಸ್ಥಿತಿಯಲ್ಲಿ ಬಂದು ಸೇರಿದವರನ್ನು ನೋಡಿದ್ದೇನೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಲೇ ಸಾಲ ಮಾಡಿ ಒಂದು ವರ್ಷದ ಎಂಎಗೆ ಹೋಗಬೇಡಿ. ಮೊದಲು ಒಂದು ಸಣ್ಣ ವಿಶ್ಲೇಷಣೆಯನ್ನು ನೀವೇ ಮಾಡಿ ನೋಡಿ. ಆಮೇಲೆ ಹಣ ಕೊಟ್ಟು ಓದಿಸುವ ಕಡೆ ಅರ್ಜಿ ಹಾಕಿ. ಅಂಥ ಕಡೆಗಳು ನಿಜವಾಗಿಯೂ ಇವೆ.

ಎಷ್ಟು ಭಾಷೆ ಬರಬೇಕು ಅನ್ನುವುದನ್ನು ಬೇಗ ಮುಗಿಸೋಣ. ಮೂರು ಸಾಕು, ಒಂದೇ ಇದ್ದರೂ ನಡೆಯುತ್ತದೆ. ಹತ್ತು ಭಾಷೆ ಮಾತಾಡುವುದು ಒಂದು ಕೌಶಲ. ಒಂದು ಭಾಷೆ ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ನೋಡುವುದು ಬೇರೆಯೇ ಕೆಲಸ. ಅರ್ಜಿ ಓದುವವರು ಈ ಎರಡನೆಯದನ್ನು ಹುಡುಕುತ್ತಾರೆ. 'ನನಗೆ ಭಾಷೆಗಳೆಂದರೆ ಚಿಕ್ಕಂದಿನಿಂದ ಪ್ರೀತಿ' ಅಂತ ಶುರುವಾಗುವ ಅರ್ಜಿಗಳು ಪ್ರತಿ ವರ್ಷ ರಾಶಿ ಬೀಳುತ್ತವೆ. ಆ ಪ್ರೀತಿ ಸುಳ್ಳಲ್ಲ, ಆದರೆ ಅದರಿಂದ ನಮಗೆ ಏನೂ ತಿಳಿಯುವುದಿಲ್ಲ.

ಬಿಡಿಸಿ ನೋಡುವುದು ಅಂದರೆ ಏನು? ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಮುಂದಿನ ಎಲ್ಲಾ ಮಾತೂ ಇದರ ಮೇಲೆ ನಿಂತಿದೆ. 'ರವಿ ಕೈ ತೊಳೆದ', 'ರವಿ ಕೈ ತೊಳೆದುಕೊಂಡ'. ಎರಡನೆಯದರಲ್ಲಿ ಕೈ ರವಿಯದೇ. ಮೊದಲನೆಯದರಲ್ಲಿ ಮಗುವಿನ ಕೈಯೂ ಇರಬಹುದು. ಹಾಗಾದರೆ 'ಕೊಳ್ಳು' ಅಂದರೆ ತನಗೆ ತಾನು ಮಾಡುವುದು ಅಂತ ಬರೆದಿಟ್ಟು ಮುಂದೆ ಹೋಗಬಹುದು, ಅಲ್ವಾ? ಆಗ 'ಬಾಗಿಲು ತೆರೆದುಕೊಂಡಿತು' ಎದುರಾಗುತ್ತದೆ. ಬಾಗಿಲು ತನಗೋಸ್ಕರ ಏನೂ ಮಾಡಿಲ್ಲ. ಇಲ್ಲಿ 'ಕೊಳ್ಳು' ಬಂದು, ತೆರೆದವರನ್ನೇ ವಾಕ್ಯದಿಂದ ಹೊರಗೆ ಹಾಕಿದೆ. ಅದೇ ಕೋಲಿಗಾದರೆ 'ಮುರಿಯಿತು' ಅಂದರೆ ಸಾಕು, 'ಕೊಳ್ಳು' ಬೇಕಿಲ್ಲ. ಯಾವ ಕ್ರಿಯಾಪದಕ್ಕೆ ಬೇಕು, ಯಾವುದಕ್ಕೆ ಬೇಡ? ಇನ್ನು 'ಹಾಡು ಹೇಳಿಕೊಂಡು ನಡೆದ' ಅನ್ನುವಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿವೆ ಅಷ್ಟೇ. ಒಂದೇ ರೂಪ, ಮೂರು ಕೆಲಸ. ಮೂರರ ಹಿಂದೆ ಒಂದೇ ನಿಯಮ ಇದೆಯೇ, ಅಥವಾ ಸುಮ್ನೆ ಒಂದೇ ಥರ ಕಾಣುವ ಮೂರು ಬೇರೆ ಸಂಗತಿಗಳೇ? ಕುತೂಹಲ ಇನ್ನೂ ಹೆಚ್ಚಾಗುವುದು ಇಲ್ಲಿ: ಜರ್ಮನ್, ಸ್ಪ್ಯಾನಿಷ್, ರಷ್ಯನ್ ಭಾಷೆಗಳಲ್ಲೂ 'ಬಾಗಿಲು ತೆರೆದುಕೊಂಡಿತು' ಅನ್ನಲು 'ತನ್ನನ್ನು' ಅಂತ ಸೂಚಿಸುವ ಗುರುತೇ ಬರುತ್ತದೆ. ಆ ಭಾಷೆಗಳಿಗೂ ಕನ್ನಡಕ್ಕೂ ಒಂದೇ ಮನೆತನದ ನಂಟಿಲ್ಲ. ಮತ್ತೆ ಯಾಕೆ ಹೀಗೆ?

ಈ ಪ್ಯಾರಾ ಓದುವಾಗ ನಿಮ್ಮ ತಲೆಯಲ್ಲಿ ಬೇರೆ ವಾಕ್ಯಗಳು ತಾವಾಗಿಯೇ ಬಂದು, ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ನೀವು ಪರೀಕ್ಷೆ ಮಾಡತೊಡಗಿದ್ದರೆ, ಈ ವಿಷಯ ನಿಮಗೆ ಹಿಡಿಸುವ ಸಾಧ್ಯತೆ ಜಾಸ್ತಿ. ಬೇಸರ ಬಂದಿದ್ದರೆ ಅದರಲ್ಲೂ ತಪ್ಪಿಲ್ಲ. ನಿಮಗೆ ಬೇಕಿರುವುದು ಅನುವಾದದ ಓದೋ, ಸಾಹಿತ್ಯದ ಓದೋ, ಭಾಷೆ ಕಲಿಸುವ ತರಬೇತಿಯೋ ಆಗಿರಬಹುದು. ಅದು ಈಗ ಗೊತ್ತಾಗುವುದು ಒಳ್ಳೆಯದು. ಇನ್ನೊಂದು ಉಚಿತ ಪರೀಕ್ಷೆಯೂ ಇದೆ. 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್‌ನ ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಶಾಲಾ ಮಕ್ಕಳಿಗಾಗಿ ಮಾಡಿದ್ದು, ಆದರೆ ದೊಡ್ಡವರಿಗೂ ಕಷ್ಟವೇ. ಗೊತ್ತೇ ಇಲ್ಲದ ಭಾಷೆಯ ಹತ್ತು ವಾಕ್ಯ ಕೊಟ್ಟು ನಿಯಮ ಕಂಡುಹಿಡಿ ಅನ್ನುತ್ತಾರೆ. ಒಂದು ಸಂಜೆ ಕೂತು ಮಾಡಿ ನೋಡಿ.

ಕನ್ನಡ ಬರುತ್ತದೆ ಅನ್ನುವುದು ಎಷ್ಟು ಲಾಭ? ಲಾಭ ಇದೆ, ಆದರೆ ಅದೊಂದೇ ಪ್ರವೇಶ ತಂದುಕೊಡುವುದಿಲ್ಲ. ಎ. ಕೆ. ರಾಮಾನುಜನ್ ಅವರನ್ನು ನಾವು ಕವಿಯಾಗಿ ಬಲ್ಲೆವು. ಅವರು 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನದ ಪಿಎಚ್‌ಡಿ ಪಡೆದದ್ದು ಕನ್ನಡ ವ್ಯಾಕರಣದ ಮೇಲಿನ ಪ್ರಬಂಧಕ್ಕೆ. ಇನ್ನೊಂದು ಕಡೆ, ಅಮೆರಿಕದ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು ಕನ್ನಡ ಮಾತಾಡುವ ಪುಟ್ಟ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಕನ್ನಡದಲ್ಲಿ ಒಬ್ಬರು ಇನ್ನೊಬ್ಬರಿಂದ ಏನಾದರೂ ಮಾಡಿಸುತ್ತಾರೆ ಅನ್ನುವುದಕ್ಕೆ 'ಇಸು' ಅನ್ನುವ ಸ್ಪಷ್ಟ ಗುರುತಿದೆ. ಆದರೂ ಮೂರು ವರ್ಷದ ಮಕ್ಕಳು ಆ ಗುರುತನ್ನು ನೆಚ್ಚದೆ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಅನ್ನುವುದನ್ನು ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ಮಕ್ಕಳು ಭಾಷೆ ಕಲಿಯುವ ಬಗ್ಗೆ ಜಗತ್ತಿನ ಚರ್ಚೆಯಲ್ಲಿ ಕನ್ನಡ ಹೀಗೆ ಸೇರಿತು. ಆ ಸಂಶೋಧಕರಿಗೆ ಕನ್ನಡ ತಾಯ್ನುಡಿಯಲ್ಲ. ಪ್ರಶ್ನೆ ಗಟ್ಟಿ ಇತ್ತು. ನಿಮ್ಮ ಬಳಿ ಭಾಷೆ ಇದೆ, ಅದಕ್ಕೆ ಅಂಥ ಒಂದು ಪ್ರಶ್ನೆ ಸೇರಬೇಕು.

ಈಗ ಗಣಿತದ ಭಯ. ಮಾತಿನ ಅರ್ಥವನ್ನು ವಿಶ್ಲೇಷಿಸುವ ಅರ್ಥವಿಜ್ಞಾನದಲ್ಲಿ ತರ್ಕ, ಗಣಗಳು, ಲ್ಯಾಂಬ್ಡಾ ಕ್ಯಾಲ್ಕುಲಸ್ ಅನ್ನುವ ಸೂತ್ರಪದ್ಧತಿ ಬರುತ್ತವೆ. ಧ್ವನಿವಿಜ್ಞಾನದಲ್ಲೂ ಪ್ರಯೋಗ ಮಾಡುವ ಶಾಖೆಗಳಲ್ಲೂ ಸಂಖ್ಯಾಶಾಸ್ತ್ರ ಬೇಕು. ಇವನ್ನು ಮೊದಲ ವರ್ಷದಲ್ಲಿ ಸೊನ್ನೆಯಿಂದಲೇ ಕಲಿಸುತ್ತಾರೆ. ಸಾಹಿತ್ಯದಿಂದ ಬಂದವರು ಚೆನ್ನಾಗಿಯೇ ಕಲಿತಿದ್ದಾರೆ. ಆದರೆ ಚಿಹ್ನೆಗಳನ್ನು ಕಂಡರೇ ಮುಖ ತಿರುಗಿಸುವವರಿಗೆ ಕೆಲವು ವಿಭಾಗಗಳಲ್ಲಿ ಉಸಿರು ಕಟ್ಟುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಜಿಆರ್‌ಇ ವಿಷಯದಲ್ಲಿ ನಿಮ್ಮ ಗೆಳತಿಯ ಮಾಹಿತಿ ಹಳೆಯದು. ಅಮೆರಿಕದ ಬಹಳಷ್ಟು ಭಾಷಾವಿಜ್ಞಾನ ವಿಭಾಗಗಳು ಅದನ್ನು ಕೇಳುವುದನ್ನು ಬಿಟ್ಟಿವೆ.

ಸಲಹೆಗಾರರು ಹೇಳದೇ ಇರುವ ಒಂದು ಸಂಗತಿ ಇದೆ, ನನ್ನ ಪ್ರಕಾರ ಅದೇ ಮುಖ್ಯ. ಬೋರ್ಡಿನ ಮೇಲೆ 'ಭಾಷಾವಿಜ್ಞಾನ ವಿಭಾಗ' ಅಂತ ಒಂದೇ ಹೆಸರಿದ್ದರೂ ಒಳಗೆ ನಡೆಯುವ ಕೆಲಸ ಬೇರೆ ಬೇರೆ. ಅದೇ 'ಕೊಳ್ಳು' ಪ್ರಶ್ನೆಯನ್ನು ತೆಗೆದುಕೊಂಡು ಊರೂರು ಸುತ್ತಿದಿರಿ ಅಂದುಕೊಳ್ಳಿ. ಅಮೆರಿಕದ ಎಂಐಟಿಯಲ್ಲೋ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್‌ನಲ್ಲೋ ಕೇಳಿದರೆ, ವಾಕ್ಯದ ಒಳರಚನೆಯಲ್ಲಿ ಅದು ಎಲ್ಲಿ ಕೂರುತ್ತದೆ, ಅದರ ಅರ್ಥವನ್ನು ಸೂತ್ರದಲ್ಲಿ ಹೇಗೆ ಬರೆಯುವುದು ಅಂತ ಹಲಗೆಗೆ ಹೋಗುತ್ತಾರೆ. ಅದೇ ದೇಶದ ಬಫಲೋದಲ್ಲೋ ಸಾಂತಾ ಬಾರ್ಬರಾದಲ್ಲೋ ಕೇಳಿದರೆ, ಬೇರೆ ಭಾಷೆಗಳಲ್ಲಿ ಇದು ಹೇಗಿದೆ, ಮಾತುಕತೆಯಲ್ಲಿ ಯಾವಾಗ ಬಳಕೆಯಾಗುತ್ತದೆ ಅಂತ ಕೇಳುತ್ತಾರೆ. ನಮ್ಮ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಗುಣವಾಚಕ, ಸರ್ವನಾಮಗಳ ಬಗ್ಗೆ ಮಾಡಿದ್ದೂ ಹೀಗೆ ಭಾಷೆ ಭಾಷೆಗಳನ್ನು ಹೋಲಿಸಿ ನೋಡುವ ಕೆಲಸವೇ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಮಕ್ಕಳು ಇದನ್ನು ಯಾವ ವಯಸ್ಸಿಗೆ ಕಲಿಯುತ್ತಾರೆ ಅಂತ ಕೇಳುತ್ತಾರೆ. ನೆದರ್‌ಲ್ಯಾಂಡ್ಸ್‌ನ ನೈಮೇಖೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆಯಲ್ಲಾದರೆ, ಇದನ್ನು ಕೇಳಿದಾಗ ಮೆದುಳಿನಲ್ಲಿ ಏನಾಗುತ್ತದೆ ಅನ್ನುವ ಪ್ರಶ್ನೆ ಬರುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ, ಸಮಾಜದಲ್ಲಿ ಮಾತು ಹೇಗೆ ಬದಲಾಗುತ್ತದೆ ಅಂತ ಅಧ್ಯಯನ ಮಾಡಿದ ವಿಲಿಯಂ ಲಬೋವ್ ದಶಕಗಳ ಕಾಲ ಕಲಿಸಿದ ಜಾಗ. ಅಲ್ಲಿ 'ತೊಳೆದುಕೊಂಡ', 'ತೊಳ್ಕೊಂಡ' ಯಾರು ಯಾವಾಗ ಅನ್ನುತ್ತಾರೆ ಅನ್ನುವುದೇ ಪ್ರಶ್ನೆಯಾಗಬಹುದು. ಸ್ಕಾಟ್ಲೆಂಡಿನ ಎಡಿನ್‌ಬರೋ, ಜರ್ಮನಿಯ ಸಾರ್‌ಬ್ರೂಕೆನ್, ಸ್ಟುಟ್‌ಗಾರ್ಟ್, ಟ್ಯೂಬಿಂಗೆನ್, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ, ಇವೆಲ್ಲಾ ಕಂಪ್ಯೂಟರ್ ಮೂಲಕ ಭಾಷೆಯನ್ನು ನಿಭಾಯಿಸುವ ಗಣಕ ಭಾಷಾವಿಜ್ಞಾನಕ್ಕೆ ಹೆಸರಾದವು. ಯಂತ್ರ ಈ ರೂಪದಲ್ಲಿ ಯಾಕೆ ತಪ್ಪುತ್ತದೆ ಅನ್ನುವುದು ಅವರ ಪ್ರಶ್ನೆ. ಅಳಿವಿನಂಚಿನ ಭಾಷೆಗಳ ದಾಖಲೆಗೆ ಹವಾಯಿ, ಕ್ಯಾನ್‌ಬೆರಾ, ಮೆಲ್ಬರ್ನ್. ಕೋರ್ಟಿಗೆ ಬೇಕಾಗುವ ಧ್ವನಿ ಪರೀಕ್ಷೆಗೆ ಇಂಗ್ಲೆಂಡಿನ ಯಾರ್ಕ್, ಬರಹದ ವಿಶ್ಲೇಷಣೆಗೆ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್.

ಹಾಗಾಗಿ ವಿಶ್ವವಿದ್ಯಾಲಯಗಳ ರ‍್ಯಾಂಕ್ ಪಟ್ಟಿ ನಿಮಗೆ ಹೆಚ್ಚು ಸಹಾಯ ಮಾಡುವುದಿಲ್ಲ. ಮೊದಲ ಹತ್ತರಲ್ಲಿರುವ ವಿಭಾಗದಲ್ಲಿ ನಿಮ್ಮ ಪ್ರಶ್ನೆಯ ಮೇಲೆ ಕೆಲಸ ಮಾಡುವವರು ಒಬ್ಬರೂ ಇಲ್ಲದೆ ಇರಬಹುದು. ಸೇರಿದವರು ಬೇಸತ್ತು ಬಿಟ್ಟುಹೋಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ: ಮಾತಾಡುವ ಜನರ ಬಗ್ಗೆ ಆಸಕ್ತಿ ಇಟ್ಟುಕೊಂಡು ಬಂದವರು ಸೂತ್ರ ಬರೆಯುವ ವಿಭಾಗಕ್ಕೆ ಸೇರಿಬಿಟ್ಟಿರುತ್ತಾರೆ, ಅಥವಾ ಇದರ ಉಲ್ಟಾ. ಹಳೆಯ ಖ್ಯಾತಿಯನ್ನೂ ನಂಬಬೇಡಿ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ವಿಕಾಸಾತ್ಮಕ ಮಾನವಶಾಸ್ತ್ರ ಸಂಸ್ಥೆಯ ಭಾಷಾವಿಜ್ಞಾನ ವಿಭಾಗ ಜಗತ್ತಿಗೇ ಹೆಸರಾಗಿತ್ತು, 2015ರಲ್ಲಿ ಅದು ಮುಚ್ಚಿತು. ಅಳಿವಿನಂಚಿನ ಭಾಷೆಗಳ ದಾಖಲೆಗೆ ಹಣ ಕೊಡುವ ಇಎಲ್‌ಡಿಪಿ ಯೋಜನೆ 2002ರಲ್ಲಿ ಲಂಡನ್‌ನ ಸೋಆಸ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ, 2021ರಲ್ಲಿ ಬರ್ಲಿನ್‌ಗೆ ಹೋಯಿತು. ವಿಭಾಗದ ಪುಟ ತೆರೆದು ಈಗ ಅಲ್ಲಿ ಯಾರಿದ್ದಾರೆ, ಅವರು ಕಳೆದ ಮೂರು ವರ್ಷದಲ್ಲಿ ಏನು ಬರೆದಿದ್ದಾರೆ ಅಂತ ನೋಡಿ. ಅವರ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅನ್ನುವುದನ್ನು ಇನ್ನೂ ಗಮನವಿಟ್ಟು ನೋಡಿ.

ಹೆಸರಿನ ಗೊಂದಲ ಇನ್ನೂ ಎರಡಿದೆ. 'ಅನ್ವಯಿಕ ಭಾಷಾವಿಜ್ಞಾನ' ಅನ್ನುವ ಕೋರ್ಸ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಕಲಿಸುವ ತರಬೇತಿಗೆ ಹತ್ತಿರ. ಅದು ಬೇಕಿದ್ದರೆ ಒಳ್ಳೆಯ ಓದು, ನಿಮ್ಮ ಪತ್ರ ನೋಡಿದರೆ ನಿಮಗೆ ಬೇಕಿರುವುದು ಅದಲ್ಲ. ಎರಡನೆಯದು, ಭಾಷಾವಿಜ್ಞಾನ ಓದಿದರೆ ಸ್ಪೀಚ್ ಥೆರಪಿಸ್ಟ್ ಆಗಬಹುದು ಅನ್ನುವ ನಂಬಿಕೆ. ಆಗುವುದಿಲ್ಲ. ಅದಕ್ಕೆ ಬೇರೆ ಪದವಿ, ಬೇರೆ ಪರವಾನಗಿ ಬೇಕು.

ಇನ್ನು ದಾರಿಗಳು. ಅಮೆರಿಕದಿಂದ ಶುರು ಮಾಡುತ್ತೇನೆ, ಯಾಕೆಂದರೆ ತಪ್ಪು ತಿಳಿವಳಿಕೆ ಅಲ್ಲೇ ಜಾಸ್ತಿ. ಅಲ್ಲಿ ಎಂಎ ಇಲ್ಲದೆಯೇ ನೇರವಾಗಿ ಪಿಎಚ್‌ಡಿಗೆ ಸೇರಬಹುದು. ಒಳ್ಳೆಯ ವಿಭಾಗಗಳು ಸೇರಿಸಿಕೊಂಡವರಿಗೆ ಸಾಮಾನ್ಯವಾಗಿ ಐದು ವರ್ಷ ಬೋಧನಾ ಶುಲ್ಕ ಮಾಫಿ ಮಾಡಿ, ಜೀವನಕ್ಕೆ ಸ್ಟೈಪೆಂಡ್ ಕೊಡುತ್ತವೆ. ಬದಲಿಗೆ ನೀವು ಪದವಿ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ಉತ್ತರಪತ್ರಿಕೆ ತಿದ್ದಬೇಕು. ಸಾಲ ಬೇಡ. ತೊಂದರೆ ಏನೆಂದರೆ, ಒಂದು ವಿಭಾಗ ವರ್ಷಕ್ಕೆ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ತೆಗೆದುಕೊಳ್ಳುತ್ತದೆ. 2025ರಿಂದ ಸಂಶೋಧನಾ ಹಣ ಕಡಿತವಾಗಿ, ಕೆಲವು ವಿಶ್ವವಿದ್ಯಾಲಯಗಳು ಮಾನವಿಕ ವಿಷಯಗಳ ಪಿಎಚ್‌ಡಿ ಸೀಟು ಇಳಿಸಿವೆ, ಕೆಲವು ಒಂದು ವರ್ಷದ ಮಟ್ಟಿಗೆ ಪ್ರವೇಶವನ್ನೇ ನಿಲ್ಲಿಸಿವೆ. ಅರ್ಜಿ ಶುಲ್ಕ ಕಟ್ಟುವ ಮೊದಲು ಈ ವರ್ಷ ಸೇರಿಸಿಕೊಳ್ಳುತ್ತೀರಾ ಅಂತ ವಿಭಾಗಕ್ಕೆ ಬರೆದು ಕೇಳಿ. ಅರ್ಜಿ ಶುಲ್ಕಕ್ಕೆ ಮಾಫಿ ಇದೆಯೇ ಅಂತಲೂ ಕೇಳಿ, ಕೆಲವು ಕಡೆ ಕೊಡುತ್ತಾರೆ. ಮೂರು ವರ್ಷದ ಪದವಿಯನ್ನು ಒಪ್ಪುತ್ತೀರಾ ಅನ್ನುವುದು ಮೂರನೇ ಪ್ರಶ್ನೆ. ಇದರಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಓದು ಮುಗಿದ ಮೇಲೆ 12 ತಿಂಗಳು ಅಲ್ಲಿ ಕೆಲಸ ಮಾಡಲು ಅವಕಾಶವಿದೆ. ಕೋರ್ಸ್ ಸರ್ಕಾರದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗುತ್ತದೆ. ನಿಮ್ಮ ಕೋರ್ಸ್ ಯಾವ ಕೋಡ್‌ನ ಅಡಿ ಬರುತ್ತದೆ ಅಂತ ಕಚೇರಿಯಿಂದ ಬರಹದಲ್ಲಿ ಕೇಳಿ ಪಡೆಯಿರಿ.

ಬ್ರಿಟನ್‌ನ ಒಂದು ವರ್ಷದ ಎಂಎ ಕೆಟ್ಟದ್ದಲ್ಲ. ಪಾಠ ಗಟ್ಟಿಯಾಗಿಯೇ ಇರುತ್ತದೆ. ಆದರೆ ಹೊರದೇಶದವರಿಗೆ ಶುಲ್ಕ ಸಾಮಾನ್ಯವಾಗಿ 20,000 ಪೌಂಡ್ ದಾಟುತ್ತದೆ, ವಾಸದ ಖರ್ಚು ಬೇರೆ. ಅದಕ್ಕಿಂತ ದೊಡ್ಡ ತೊಡಕು ಸಮಯದ್ದು. ನೀವು ಸೆಪ್ಟೆಂಬರ್‌ನಲ್ಲಿ ಸೇರುತ್ತೀರಿ. ಮುಂದಿನ ಪಿಎಚ್‌ಡಿಗೆ ಅರ್ಜಿ ಡಿಸೆಂಬರ್, ಜನವರಿಯಲ್ಲೇ ಹೋಗಬೇಕು. ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಒಂದು ಅಂಕಪಟ್ಟಿಯೂ ಇರುವುದಿಲ್ಲ, ನಿಮ್ಮನ್ನು ಬಲ್ಲ ಪ್ರಾಧ್ಯಾಪಕರೂ ಇರುವುದಿಲ್ಲ. ಹಾಗಾಗಿ ಬಹಳ ಜನ ಎಂಎ ಮುಗಿಸಿ ಒಂದು ವರ್ಷ ಖಾಲಿ ಕೂತು ಅರ್ಜಿ ಹಾಕುತ್ತಾರೆ. ಆ ವರ್ಷ ಸಾಲದ ಬಡ್ಡಿ ನಿಲ್ಲುವುದಿಲ್ಲ. ಎಂಎ ಮುಗಿದ ಮೇಲೆ ಉಳಿಯಲು ಕೊಡುತ್ತಿದ್ದ ಎರಡು ವರ್ಷವನ್ನು, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಸಲಾಗಿದೆ. ಬ್ರಿಟನ್‌ಗೇ ಹೋಗಬೇಕು ಅನಿಸಿದರೆ ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನ ಮಾಡಿ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಕಡ್ಡಾಯ. ಓದು ಮುಗಿದ ಮೇಲೆ ಎರಡು ವರ್ಷ ಸ್ವಂತ ದೇಶಕ್ಕೆ ಮರಳಬೇಕು ಅನ್ನುವ ಷರತ್ತಿದೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನವನ್ನೂ ನೋಡಿ. ಹಣ ಸಿಕ್ಕಿ ಹೋಗುವುದಾದರೆ ನನ್ನ ಆಕ್ಷೇಪ ಏನೂ ಇಲ್ಲ.

ಜರ್ಮನಿ 'ಪೂರ್ತಿ ಉಚಿತ' ಅನ್ನುವುದು ಅರ್ಧ ನಿಜ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಂದ ಪ್ರತಿ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್, ಕಾನ್‌ಸ್ಟಾನ್ಸ್ ಎಲ್ಲಾ ಅದೇ ರಾಜ್ಯದಲ್ಲಿವೆ. ಸಾರ್‌ಬ್ರೂಕೆನ್, ಪಾಟ್ಸ್‌ಡಾಮ್, ಲೈಪ್‌ಜಿಗ್ ಅದರ ಹೊರಗೆ. ಎಲ್ಲೇ ಹೋದರೂ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಖಾತೆಯಲ್ಲಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಅದು ನಿಮ್ಮದೇ ಹಣ, ತಿಂಗಳು ತಿಂಗಳು ನಿಮಗೇ ವಾಪಸ್ ಬರುತ್ತದೆ. ಆದರೆ ಮೊದಲು ಒಟ್ಟಿಗೆ ಹೊಂದಿಸಬೇಕಲ್ಲ. ನಿಮಗೆ ನಿಜವಾದ ಅಡ್ಡಿ ಬೇರೆಯದು. ಜರ್ಮನಿಯ ಬಹಳಷ್ಟು ಎಂಎ ಕೋರ್ಸ್‌ಗಳು, ಪದವಿಯಲ್ಲೇ ಇಷ್ಟು ಕ್ರೆಡಿಟ್ ಭಾಷಾವಿಜ್ಞಾನ ಓದಿರಬೇಕು ಅಂತ ಕೇಳುತ್ತವೆ. ಸಾಹಿತ್ಯದ ಪದವಿಯಲ್ಲಿ ಅದು ಇರುವುದು ಕಡಿಮೆ. ನಿಮ್ಮ ಅಂಕಪಟ್ಟಿಯಲ್ಲಿ ಧ್ವನಿವಿಜ್ಞಾನ, ವ್ಯಾಕರಣ, ಭಾಷಾ ಚರಿತ್ರೆ ಅಂತ ಏನಾದರೂ ಇದ್ದರೆ ಅದರ ಪಠ್ಯಕ್ರಮವನ್ನು ತೆಗೆದಿಟ್ಟುಕೊಳ್ಳಿ. ಪಾಠ ಇಂಗ್ಲಿಷ್‌ನಲ್ಲಿ ನಡೆಯುವ ಕೋರ್ಸ್‌ಗಳಿವೆ. ಆದರೂ ಒಂದಿಷ್ಟು ಜರ್ಮನ್ ಕಲಿಯದೆ ಅಲ್ಲಿ ಪಾರ್ಟ್‌ಟೈಮ್ ಕೆಲಸ ಸಿಗುವುದು ಕಷ್ಟ.

ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಅನ್ನುವ ಮಾಸ್ಟರ್ಸ್ ಯೋಜನೆ ನಿಮ್ಮಂಥವರಿಗೆ ನನ್ನ ಮೆಚ್ಚಿನ ಸಲಹೆ. ಎರಡು ವರ್ಷ, ಎರಡು ದೇಶ. ವಿದ್ಯಾರ್ಥಿವೇತನ ಸಿಕ್ಕರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ ಕೊಡುತ್ತಾರೆ. ಭಾಷೆ ಮತ್ತು ತಂತ್ರಜ್ಞಾನ ಸೇರಿದ ಎಲ್‌ಸಿಟಿ ಅನ್ನುವ ಕೋರ್ಸ್ ಈ ಯೋಜನೆಯಡಿ ನಡೆದು ಬಂದಿದೆ. ಯಾವ ಕೋರ್ಸ್‌ಗಳಿಗೆ ಹಣ ಇದೆ ಅನ್ನುವುದು ಕಾಲಕಾಲಕ್ಕೆ ಬದಲಾಗುತ್ತದೆ, ಆ ವರ್ಷದ ಪಟ್ಟಿಯನ್ನೇ ನೋಡಿ. ನೆದರ್‌ಲ್ಯಾಂಡ್ಸ್ ಮತ್ತು ಸ್ವೀಡನ್‌ನಲ್ಲಿ ಪಿಎಚ್‌ಡಿ ಅಂದರೆ ಸಂಬಳದ ನೌಕರಿ, ಸಾಮಾನ್ಯವಾಗಿ ನಾಲ್ಕು ವರ್ಷ. ಆದರೆ ಅದಕ್ಕೆ ಮೊದಲು ಮಾಸ್ಟರ್ಸ್ ಇರಬೇಕು. ಉತ್ತರ ಯುರೋಪಿನಲ್ಲಿ ಮಾಸ್ಟರ್ಸ್ ಉಚಿತ ಅನ್ನುವ ಹಳೆಯ ಮಾತು ಈಗ ನಿಜವಲ್ಲ. ಹೊರಗಿನವರಿಗೆ ಸ್ವೀಡನ್ 2011ರಿಂದ, ಫಿನ್‌ಲ್ಯಾಂಡ್ 2017ರಿಂದ, ನಾರ್ವೆ 2023ರಿಂದ ಶುಲ್ಕ ಹಾಕಿವೆ.

ಎಐ ಪ್ರಶ್ನೆಗೆ ಬರುತ್ತೇನೆ. ಇಂದಿನ ಎಐ ಹಿಂದಿರುವ ದೊಡ್ಡ ಭಾಷಾ ಮಾದರಿಗಳು ಭಾಷಾವಿಜ್ಞಾನದ ಪ್ರಶ್ನೆಗಳನ್ನು ಮುಗಿಸಿಲ್ಲ. ಯಂತ್ರಕ್ಕೆ ವಾಕ್ಯ ಕಟ್ಟಲು ಬಂದ ಮಾತ್ರಕ್ಕೆ, ಮೂರು ವರ್ಷದ ಮಗು ಅಷ್ಟು ಕಡಿಮೆ ಮಾತು ಕೇಳಿ ಅದನ್ನೇ ಹೇಗೆ ಕಲಿಯಿತು ಅನ್ನುವುದಕ್ಕೆ ಉತ್ತರ ಸಿಗಲಿಲ್ಲ. ಆದರೆ ಕೆಲಸದ ಮಾರುಕಟ್ಟೆ ಬದಲಾಗಿದೆ, ಅದು ನಿಮಗೇ ಗೊತ್ತು. ಪಿಎಚ್‌ಡಿ ಮಾಡಿದವರಲ್ಲಿ ಖಾಯಂ ಪ್ರಾಧ್ಯಾಪಕರಾಗುವವರು ಕಡಿಮೆ. ಇದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲ ವರ್ಷವೇ ಹೇಳುತ್ತೇನೆ. ಉಳಿದವರು ಮಾತಿನ ತಂತ್ರಜ್ಞಾನ, ಯಂತ್ರದ ಉತ್ತರಗಳ ಗುಣಮಟ್ಟ ಪರೀಕ್ಷೆ, ನಿಘಂಟು, ಶಿಕ್ಷಣ, ದತ್ತಾಂಶದ ಕೆಲಸಗಳಿಗೆ ಹೋಗುತ್ತಾರೆ. ಅಲ್ಲೂ ಹುದ್ದೆಗಳ ಹೆಸರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ, ಗುತ್ತಿಗೆ ಕೆಲಸ ಜಾಸ್ತಿ. ಯಾವ ಶಾಖೆ ಹಿಡಿದರೂ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮತ್ತು ಸಂಖ್ಯಾಶಾಸ್ತ್ರ ಕಲಿತಿರಿ. ಅವೆರಡು ಇದ್ದವರಿಗೆ ಹೊರಗೆ ಬಾಗಿಲು ತೆರೆದಿರುವುದನ್ನು ಕಂಡಿದ್ದೇನೆ. ಇಲ್ಲದವರು ಬಹಳ ಕಷ್ಟಪಟ್ಟಿದ್ದಾರೆ.

ಹಾಗಾದರೆ ನೀವು ಈಗ ಮಾಡಬೇಕಾದ್ದು ಏನು? ಅರ್ಜಿಯಲ್ಲಿ ನಾವು ನಿಜಕ್ಕೂ ಓದುವುದು ಬರಹದ ಮಾದರಿಯನ್ನು. ಹತ್ತರಿಂದ ಇಪ್ಪತ್ತು ಪುಟ ಇದ್ದರೆ ಸಾಕು. ಒಂದು ಸಣ್ಣ ಪ್ರಶ್ನೆ, ಸರಿಯಾದ ಮತ್ತು ತಪ್ಪಾದ ವಾಕ್ಯಗಳು, ಒಂದು ಊಹೆ, ಆ ಊಹೆ ಎಲ್ಲಿ ಮುರಿದು ಬೀಳುತ್ತದೆ ಅನ್ನುವ ಪ್ರಾಮಾಣಿಕ ಮಾತು. ಕೊನೆಯದೇ ಮುಖ್ಯ. ತನ್ನ ವಿವರಣೆಗೆ ಒಪ್ಪದ ವಾಕ್ಯವನ್ನು ತಾನೇ ಹುಡುಕಿ ಮುಂದಿಟ್ಟ ಅರ್ಜಿದಾರರನ್ನು ಸಮಿತಿ ಮರೆಯುವುದಿಲ್ಲ. ಸಾಹಿತ್ಯ ವಿಮರ್ಶೆಯ ಪ್ರಬಂಧ ಎಷ್ಟೇ ಚೆನ್ನಾಗಿದ್ದರೂ ಈ ಜಾಗವನ್ನು ತುಂಬುವುದಿಲ್ಲ. ಯಂತ್ರದಿಂದ ಬರೆಸಿದ್ದೂ ಅಷ್ಟೇ, ಉದಾಹರಣೆಗಳ ಮಟ್ಟದಲ್ಲೇ ಸಿಕ್ಕಿಬೀಳುತ್ತದೆ. ನಿಮ್ಮ ದಿನದ ಕೆಲಸವೇ ನಿಮಗೆ ಗಣಿ ಇದ್ದಂತೆ. ಯಂತ್ರ ಯಾವ ರೂಪದಲ್ಲಿ ಪದೇಪದೇ ಎಡವುತ್ತದೆ ಅಂತ ಗುರುತು ಮಾಡಿಕೊಳ್ಳಿ. ಗ್ರಾಹಕರ ಪಠ್ಯವನ್ನು ಮಾತ್ರ ಹೊರಗೆ ತರಬೇಡಿ, ವಾಕ್ಯಗಳನ್ನು ನೀವೇ ಕಟ್ಟಿ. ನಾಲ್ಕು ಜನ ಕನ್ನಡದವರನ್ನು ಕೇಳಿ, ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಅಂತ ಬರೆದಿಡಿ. ಇದಕ್ಕೆಲ್ಲಾ ಕೆಲಸ ಬಿಡಬೇಕಾಗಿಲ್ಲ. ಬಿಡಲೂಬೇಡಿ. ಆ ಅನುಭವ ಚೀವ್ನಿಂಗ್‌ನಂಥ ಕಡೆ ಲೆಕ್ಕಕ್ಕೆ ಬರುತ್ತದೆ, ಸಂಬಳ ಅರ್ಜಿ ಶುಲ್ಕಕ್ಕೆ ಬೇಕಾಗುತ್ತದೆ.

ಶಿಫಾರಸು ಪತ್ರ ಮೂರು ಬೇಕು. ಅವುಗಳಲ್ಲಿ ಒಂದಾದರೂ ನಿಮ್ಮ ವಿಶ್ಲೇಷಣೆಯನ್ನು ನೋಡಿದವರದ್ದಾಗಿರಲಿ. 'ತರಗತಿಯಲ್ಲಿ ಶಿಸ್ತಿನ ವಿದ್ಯಾರ್ಥಿ' ಅನ್ನುವ ಪತ್ರದಿಂದ ನಷ್ಟವಿಲ್ಲ, ಲಾಭವೂ ಇಲ್ಲ. ನಿಮ್ಮ ವಿಶ್ಲೇಷಣೆ ನೋಡುವಂಥವರು ಸಿಗುವುದು ಎಲ್ಲಿ ಅಂದರೆ ಬೇಸಿಗೆ ಶಾಲೆಗಳಲ್ಲಿ. ಯುರೋಪಿನಲ್ಲಿ 1989ರಿಂದ ನಡೆಯುವ ಎಸ್‌ಲಿ, ಅಮೆರಿಕದ ಭಾಷಾವಿಜ್ಞಾನ ಸಂಘ ಎರಡು ವರ್ಷಕ್ಕೊಮ್ಮೆ ನಡೆಸುವ ಇನ್‌ಸ್ಟಿಟ್ಯೂಟ್, ಎರಡೂ ಒಳ್ಳೆಯವು, ಖರ್ಚಿನವೂ ಹೌದು. ಅಷ್ಟು ದೂರ ಹೋಗಲಾಗದಿದ್ದರೆ, ನಿಮ್ಮ ವಿಷಯದ ಮೇಲೆ ಬರೆದ ಸಂಶೋಧಕರಿಗೆ ಚಿಕ್ಕದಾಗಿ ಒಂದು ಇಮೇಲ್ ಬರೆಯಿರಿ. ಅವರ ಲೇಖನ ಓದಿ, ಒಂದೇ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ. ನಿಮ್ಮ ಭಾಷೆಯ ಬಗ್ಗೆ ತರಗತಿ ನಡೆಸುವವರು ತಾಯ್ನುಡಿಯವರನ್ನು ಆನ್‌ಲೈನ್‌ನಲ್ಲಿ ಹುಡುಕುವುದೂ ಉಂಟು. ಬ್ರಿಟನ್, ಜರ್ಮನಿಯಲ್ಲಿ ಪಿಎಚ್‌ಡಿಗೆ ಮಾರ್ಗದರ್ಶಕರನ್ನು ಮೊದಲೇ ಸಂಪರ್ಕಿಸಬೇಕು. ಅಮೆರಿಕದಲ್ಲಿ ಆಯ್ಕೆ ಸಮಿತಿಯದ್ದು. ಅಲ್ಲಿ ಪ್ರಾಧ್ಯಾಪಕರು ಸಿಹಿಯಾಗಿ ಉತ್ತರಿಸಿದರೂ ಅದನ್ನು ಭರವಸೆ ಅಂತ ತಿಳಿಯಬೇಡಿ.

ಅಮೆರಿಕದ ಗಡುವು ಡಿಸೆಂಬರ್, ಜನವರಿ. ಫಲಿತಾಂಶ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಹಣ ಸಹಿತ ಆಹ್ವಾನ ಬಂದರೆ ಅವಸರ ಮಾಡಬೇಡಿ. ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಉತ್ತರಕ್ಕಾಗಿ ಕಾಯುವ ಒಪ್ಪಂದಕ್ಕೆ ಸಹಿ ಹಾಕಿವೆ. ಆ ಸಮಯದಲ್ಲಿ ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಿ. ಸ್ಟೈಪೆಂಡ್‌ನಲ್ಲಿ ಬಾಡಿಗೆ ಕಳೆದು ಎಷ್ಟು ಉಳಿಯುತ್ತದೆ, ಬೇಸಿಗೆಯಲ್ಲಿ ಹಣ ಬರುತ್ತದೆಯೇ, ಮಾರ್ಗದರ್ಶಕರು ಬರಹವನ್ನು ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಅಂತ ನೇರವಾಗಿ ಕೇಳಿ. ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಯಾವ ಕಡೆಯಿಂದಲೂ ಆಹ್ವಾನ ಬರದಿದ್ದರೆ, ನಿಮಗೆ ತುಂಬಾ ಹೊಂದುತ್ತದೆ ಅನಿಸಿದ ಒಂದೆರಡು ವಿಭಾಗಗಳಿಗೆ ಬರೆದು, ಅರ್ಜಿಯಲ್ಲಿ ಏನು ಕಡಿಮೆಯಾಯಿತು ಅಂತ ವಿನಯದಿಂದ ಕೇಳಿ. ಕೆಲವರು ಉತ್ತರಿಸುವುದಿಲ್ಲ. ಉತ್ತರಿಸಿದವರು ಹೇಳಿದ್ದನ್ನು ತಿದ್ದಿಕೊಂಡು ಮುಂದಿನ ಡಿಸೆಂಬರ್‌ನಲ್ಲಿ ಮತ್ತೆ ಕಳಿಸಿ. ಎರಡನೇ ಸಲ ಅರ್ಜಿ ಹಾಕಿದವರನ್ನು ಯಾವ ಸಮಿತಿಯೂ ಕೀಳಾಗಿ ನೋಡುವುದಿಲ್ಲ. ನಮ್ಮ ವಿಭಾಗದ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಹಾಗೆಯೇ ಬಂದವರು.